ಮೈಕ್ರೋಕಂಟ್ರೋಲರ್‌ ಮಂಡಲಗಳಲ್ಲಿ ಕ್ವಾರ್ಟ್ಜ್‌ ಕ್ರಿಸ್ಟಲ್‌: ಆಯ್ಕೆ ಮತ್ತು ಸುರಕ್ಷಿತ ಬಳಕೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ತೋಟ, ಕಣ ಹಾಗೂ ಅಂಗಡಿಗಳಲ್ಲಿ ಇಂದು ಮೈಕ್ರೋಕಂಟ್ರೋಲರ್‌ ಇಲ್ಲದ ಉಪಕರಣಗಳು ವಿರಳ. ಪಂಪ್‌ಸೆಟ್ಟಿನ ಸ್ವಯಂಚಾಲಿತ ಸ್ಟಾರ್ಟರ್‌, ಅಡಿಕೆ ಡ್ರಯರಿನ ಟೈಮರ್‌, ಕಾಡುಪ್ರಾಣಿಗಳನ್ನು ತಡೆಯುವ ಸೌರ ಬೇಲಿಯ ಯಂತ್ರ, ಶಾಲೆಯ ಗಂಟೆ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್‌ ತಕ್ಕಡಿ ಇವೆಲ್ಲವುಗಳ ಒಳಗೂ ಒಂದು ಪುಟ್ಟ ಚಿಪ್‌ ಲೆಕ್ಕ ಹಾಕುತ್ತ ಕುಳಿತಿರುತ್ತದೆ. ಅನೇಕ ಬೋರ್ಡುಗಳಲ್ಲಿ ಆ ಚಿಪ್ಪಿನ ಪಕ್ಕದಲ್ಲಿ ಬೆಳ್ಳಿಬಣ್ಣದ ಲೋಹದ ಡಬ್ಬಿಯೊಂದು ಕಾಣುತ್ತದೆ. ಅದೇ ಕ್ವಾರ್ಟ್ಜ್‌ ಕ್ರಿಸ್ಟಲ್‌. ಬೆಲೆ ಕೆಲವೇ ರೂಪಾಯಿ. ಬೋರ್ಡಿನ ಬಿಡಿಭಾಗಗಳ ಪಟ್ಟಿಯಲ್ಲಿ ಅದರ ಮುಂದೆ ಆವೃತ್ತಿಯೊಂದನ್ನು ಬಿಟ್ಟು ಬೇರೇನನ್ನೂ ಬರೆಯುವ ರೂಢಿಯಿಲ್ಲ. ಅನೇಕ ತೊಂದರೆಗಳು ಆರಂಭವಾಗುವುದು ಅಲ್ಲಿಂದಲೇ.

ಸಣ್ಣ ತಯಾರಕನು ಮಾರ್ಚ್‌–ಏಪ್ರಿಲ್‌ ತಿಂಗಳಿನಲ್ಲಿ ಐವತ್ತು ಕಂಟ್ರೋಲರ್‌ ಪೆಟ್ಟಿಗೆಗಳನ್ನು ಜೋಡಿಸಿ, ಮೇಜಿನ ಮೇಲೆ ಪರೀಕ್ಷಿಸಿ, ಎಲ್ಲವೂ ಸರಿಯಾಗಿವೆಯೆಂದು ಮಾರುತ್ತಾನೆ. ಜೂನ್‌ ತಿಂಗಳ ಗಾಳಿಮಳೆಗೆ ಮರ ಬಿದ್ದು ವಿದ್ಯುತ್‌ ಹೋಗಿ, ನಡುರಾತ್ರಿ ಮರಳಿ ಬಂದಾಗ ಅವುಗಳಲ್ಲಿ ಮೂರೋ ನಾಲ್ಕೋ ಎಚ್ಚರಗೊಳ್ಳುವುದಿಲ್ಲ. ಪೆಟ್ಟಿಗೆಯನ್ನು ಒಮ್ಮೆ ತಟ್ಟಿದರೆ ಸರಿಹೋಗುತ್ತದೆಂದು ಗ್ರಾಹಕ ಹೇಳುತ್ತಾನೆ. ಕಾರ್ಯಾಗಾರಕ್ಕೆ ತಂದು ನೋಡಿದರೆ ದೋಷ ಕಾಣುವುದೇ ಇಲ್ಲ. ಒಲೆಯ ಪಕ್ಕದ ಒಣ ಕೋಣೆಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಇಂಥ ಪ್ರಸಂಗಗಳಲ್ಲಿ ಚಿಪ್ಪನ್ನು, ಪ್ರೋಗ್ರಾಮನ್ನು, ಪವರ್‌ ಸಪ್ಲೈಯನ್ನು ಬದಲಿಸಿ ನೋಡುವವರು ಹೆಚ್ಚು. ಕ್ರಿಸ್ಟಲ್‌ ಮತ್ತು ಅದರ ಎರಡು ಕೆಪಾಸಿಟರುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರಿಶೀಲಿಸುವವರು ಕಡಿಮೆ.

ಹರಳಿನ ಕೆಲಸ

ಕ್ವಾರ್ಟ್ಜ್‌ ಎಂದರೆ ನಮ್ಮ ಹಳ್ಳಕೊಳ್ಳಗಳಲ್ಲಿ ಸಿಗುವ ಬೆಣಚುಕಲ್ಲೇ. ಆದರೆ ಎಲೆಕ್ಟ್ರಾನಿಕ್‌ ಉಪಕರಣಗಳಿಗೆ ಬಳಸುವ ಹರಳನ್ನು ಇಂದು ಕಾರ್ಖಾನೆಗಳಲ್ಲಿ ಅತ್ಯಧಿಕ ಒತ್ತಡ ಹಾಗೂ ಉಷ್ಣತೆಯ ಪಾತ್ರೆಗಳೊಳಗೆ ಬೆಳೆಸಲಾಗುತ್ತದೆ. ಇಂಥ ಹರಳನ್ನು ಒತ್ತಿದರೆ ವಿದ್ಯುತ್‌ ಹುಟ್ಟುವುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ವಿದ್ಯುತ್‌ ಕೊಟ್ಟರೆ ಅದು ಮಿಡಿಯುತ್ತದೆ ಎಂಬುದು ಅದೇ ಗುಣದ ಇನ್ನೊಂದು ಮುಖ. ನಿರ್ದಿಷ್ಟ ಕೋನದಲ್ಲಿ, ನಿರ್ದಿಷ್ಟ ದಪ್ಪಕ್ಕೆ ಕತ್ತರಿಸಿದ ಬಿಲ್ಲೆಯು ಒಂದೇ ಆವೃತ್ತಿಯಲ್ಲಿ ಮಿಡಿಯಲು ಬಯಸುತ್ತದೆ. ಚಿಪ್ಪಿನೊಳಗಿನ ವರ್ಧಕವು ಆ ಮಿಡಿತಕ್ಕೆ ಸರಿಯಾದ ಹೊತ್ತಿನಲ್ಲಿ ತಳ್ಳು ಕೊಡುತ್ತ ಹೋಗುತ್ತದೆ. ಮೈಕ್ರೋಕಂಟ್ರೋಲರಿನ ಎಲ್ಲ ಲೆಕ್ಕವೂ ಈ ಮಿಡಿತದ ಮೇಲೆ ನಿಂತಿದೆ.

ಕನ್ನಡಿಗರ ಮನೆಗಳಿಗೆ ಈ ಹರಳು ಮೊದಲು ಬಂದದ್ದು ಕೈಗಡಿಯಾರದ ರೂಪದಲ್ಲಿ. ಜಪಾನಿನ ಸಿಟಿಜನ್‌ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌.ಎಂ.ಟಿ.ಯ ಖ್ಯಾತಿ ಕೀಲಿ ಕೊಡುವ ಗಡಿಯಾರಗಳ ಮೇಲೆ ನಿಂತಿತ್ತು. 1984ರಲ್ಲಿ ಸ್ಥಾಪನೆಯಾದ ಟೈಟನ್‌ ಸಂಸ್ಥೆ ಕ್ವಾರ್ಟ್ಜ್‌ ಗಡಿಯಾರವನ್ನೇ ನೆಚ್ಚಿ ಮುಂದೆ ಬಂತು. ಆ ಗಡಿಯಾರಗಳ ಹರಳು ಸೆಕೆಂಡಿಗೆ 32,768 ಬಾರಿ ಮಿಡಿಯುತ್ತದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ. ಟೈಮರ್‌ ಹಾಗೂ ಮೀಟರ್‌ಗಳಲ್ಲಿ ಸಮಯ ತೋರಿಸುವ ಚಿಪ್ಪುಗಳಿಗೂ ಇದೇ ಸಣ್ಣ ಕೊಳವೆಯಾಕಾರದ ಹರಳನ್ನು ಜೋಡಿಸುವುದು ರೂಢಿ.

ಎಲ್ಲ ಉಪಕರಣಕ್ಕೂ ಕ್ರಿಸ್ಟಲ್‌ ಬೇಕೇ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಲಾಭಕರ. ಟ್ಯಾಂಕ್‌ ತುಂಬಿದೊಡನೆ ಮೋಟಾರು ನಿಲ್ಲಿಸುವ ಸರಳ ಪೆಟ್ಟಿಗೆಗೆ ಚಿಪ್ಪಿನೊಳಗಿನ ಆಂದೋಲಕವೇ ಸಾಕು. ಇತ್ತೀಚಿನ ಅನೇಕ ಚಿಪ್ಪುಗಳಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಅದರ ದೋಷ ಶೇಕಡಾ 1ರಿಂದ 2ರಷ್ಟು ಮಾತ್ರ. ಮೂರು ಕಾಲಿನ ಸೆರಾಮಿಕ್‌ ರೆಸೊನೇಟರ್‌ ಶೇಕಡಾ ಅರ್ಧದಷ್ಟು ನಿಖರ. ಕೆಪಾಸಿಟರುಗಳು ಅದರೊಳಗೇ ಇರುತ್ತವೆ. ದಿನದ ಸಮಯ ಕಾಯಬೇಕಾದಾಗ, ಮೋಡೆಮ್ಮಿನೊಡನೆ ಅಥವಾ ಬೇರೊಂದು ಯಂತ್ರದೊಡನೆ ತಪ್ಪಿಲ್ಲದೆ ಮಾತನಾಡಬೇಕಾದಾಗ ಕ್ರಿಸ್ಟಲ್‌ ಬೇಕಾಗುತ್ತದೆ. ದಶಲಕ್ಷಕ್ಕೆ 20 ಭಾಗ ತಪ್ಪುವ ಕ್ರಿಸ್ಟಲ್‌ ಎಂದರೆ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ 52 ಸೆಕೆಂಡು. ಶೇಕಡಾ 1ರ ದೋಷವಾದರೆ ದಿನಕ್ಕೆ ಹದಿನಾಲ್ಕು ನಿಮಿಷ.

ಆವೃತ್ತಿಯೊಂದನ್ನೇ ನೋಡಿ ಕೊಂಡರೆ

ಆವೃತ್ತಿಯ ಆಯ್ಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಹಳೆಯ 8051 ಕುಟುಂಬದ ಚಿಪ್ಪುಗಳ ಪಕ್ಕದಲ್ಲಿ 11.0592 ಮೆಗಾಹರ್ಟ್ಸ್‌ ಎಂಬ ವಿಚಿತ್ರ ಸಂಖ್ಯೆ ಕಾಣುವುದು ಸುಮ್ಮನೆ ಅಲ್ಲ. ಅದನ್ನು 12ರಿಂದ, ಬಳಿಕ 32ರಿಂದ, ಬಳಿಕ 3ರಿಂದ ಭಾಗಿಸಿದರೆ ಸರಿಯಾಗಿ 9600 ಬರುತ್ತದೆ. ಬಹಳಷ್ಟು ಮೋಡೆಮ್‌ ಹಾಗೂ ಪ್ರಿಂಟರುಗಳು ಮಾತನಾಡುವ ವೇಗ ಅದು. ಅಂಗಡಿಯಲ್ಲಿ ಸಿಗಲಿಲ್ಲವೆಂದು ದುಂಡನೆಯ 12 ಮೆಗಾಹರ್ಟ್ಸ್‌ ಹಾಕಿದರೆ ಅದೇ ಲೆಕ್ಕದಲ್ಲಿ 10,417 ಬಂದು, ಶೇಕಡಾ 8ಕ್ಕೂ ಮೀರಿದ ದೋಷವಾಗುತ್ತದೆ. ಬೋರ್ಡು ಓಡುತ್ತದೆ, ದೀಪ ಮಿನುಗುತ್ತದೆ, ಆದರೆ ಮೋಡೆಮ್ಮಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ.

ಇನ್ನೊಂದು ಬಲೆ ಓವರ್‌ಟೋನ್‌ ಹರಳುಗಳದ್ದು. ಹೆಚ್ಚಿನ ಆವೃತ್ತಿಯ ಕೆಲವು ಕ್ರಿಸ್ಟಲ್‌ಗಳನ್ನು ಮೂಲ ಮಿಡಿತದ ಮೂರು ಪಟ್ಟಿನಲ್ಲಿ ಓಡಿಸಲೆಂದು ತಯಾರಿಸಲಾಗುತ್ತದೆ. 27 ಮೆಗಾಹರ್ಟ್ಸ್‌ ಎಂದು ಮುದ್ರಿಸಿದ ಅಂಥ ಹರಳನ್ನು ಸಾಮಾನ್ಯ ಮೈಕ್ರೋಕಂಟ್ರೋಲರ್‌ ಮಂಡಲಕ್ಕೆ ಹಾಕಿದರೆ ಅದು 9 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಮಿಡಿಯತೊಡಗಬಹುದು. ಕೊಳ್ಳುವಾಗ ಮೂಲ ಆವೃತ್ತಿಯ ಹರಳೇ ಬೇಕೆಂದು ಬರೆದುಕೊಡಬೇಕು.

ಮುಖ್ಯ ವಿಷಯ ಲೋಡ್‌ ಕೆಪಾಸಿಟೆನ್ಸ್‌. ಡಬ್ಬಿಯ ಮೇಲೆ ಮುದ್ರಿಸಿದ ಆವೃತ್ತಿಯು, ತಯಾರಕ ಹೇಳಿದಷ್ಟು ಕೆಪಾಸಿಟೆನ್ಸ್‌ ಅದರ ಎರಡು ಕಾಲುಗಳ ನಡುವೆ ಇದ್ದಾಗ ಮಾತ್ರ ನಿಜವಾಗುತ್ತದೆ. ಮಾರುಕಟ್ಟೆಯಲ್ಲಿ 20, 18, 12, 10, 8 ಪಿಕೋಫ್ಯಾರಡ್‌ ಹೀಗೆ ಹಲವು ಬಗೆಯವು ಸಿಗುತ್ತವೆ. ಹೊರನೋಟಕ್ಕೆ ಎಲ್ಲವೂ ಒಂದೇ. ಬೋರ್ಡಿನಲ್ಲಿ ಎರಡೂ ಕಾಲುಗಳಿಂದ ಗ್ರೌಂಡಿಗೆ ಒಂದೊಂದು ಕೆಪಾಸಿಟರ್‌ ಹಾಕುತ್ತಾರಷ್ಟೆ. ಆ ಎರಡು ಸಮನಾಗಿದ್ದಾಗ ಹರಳಿಗೆ ಕಾಣುವುದು ಒಂದರ ಅರ್ಧ, ಜೊತೆಗೆ ಚಿಪ್ಪಿನ ಕಾಲು ಮತ್ತು ತಾಮ್ರದ ಗೆರೆಗಳಿಂದ ಸೇರುವ ಮೂರರಿಂದ ಐದು ಪಿಕೋಫ್ಯಾರಡ್‌. ಆದುದರಿಂದ ಲೆಕ್ಕ ಹೀಗೆ: ಹರಳಿನ ಅಂಕಿಯಿಂದ 5 ಕಳೆದು, ಉಳಿದುದನ್ನು ಎರಡರಿಂದ ಗುಣಿಸಬೇಕು. 18ರ ಹರಳಿಗೆ 26, ಅಂದರೆ ಸಿಗುವುದರಲ್ಲಿ ಹತ್ತಿರದ 27 ಪಿಕೋಫ್ಯಾರಡ್‌. 10ರ ಹರಳಿಗೆ 10 ಪಿಕೋಫ್ಯಾರಡ್‌.

ಹಳೆಯ ನಕ್ಷೆಯಲ್ಲಿದ್ದ 33 ಪಿಕೋಫ್ಯಾರಡನ್ನು ಎಲ್ಲದಕ್ಕೂ ಹಾಕುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. 18 ಅಥವಾ 20ರ ಹಳೆಯ ದಪ್ಪ ಡಬ್ಬಿಗೆ ಅದು ಹೇಗೋ ನಡೆಯುತ್ತದೆ. 10ರ ಸಣ್ಣ ಹರಳಿಗೆ ಅದನ್ನೇ ಹಾಕಿದರೆ ಒಟ್ಟು ಹೊರೆ 21.5ಕ್ಕೆ ಏರುತ್ತದೆ. ಹರಳನ್ನು ಮಿಡಿಸಲು ಚಿಪ್ಪಿಗೆ ಬೇಕಾಗುವ ಶಕ್ತಿಯು ಈ ಹೊರೆಯ ವರ್ಗದ ಪ್ರಮಾಣದಲ್ಲಿ ಹೆಚ್ಚುವುದರಿಂದ, ಹರಳಿನ ಸ್ವಂತ ಕೆಪಾಸಿಟೆನ್ಸನ್ನೂ ಸೇರಿಸಿ ಲೆಕ್ಕ ಹಾಕಿದರೆ, ಚಿಪ್ಪು ಸುಮಾರು ಮೂರೂವರೆ ಪಟ್ಟು ಹೆಚ್ಚು ದುಡಿಯಬೇಕಾಗುತ್ತದೆ. ಬೆಚ್ಚಗಿನ ಮೇಜಿನ ಮೇಲೆ ಅದು ಹೇಗೋ ಎದ್ದು ನಿಲ್ಲುತ್ತದೆ. ಜೂನ್‌ ತಿಂಗಳ ಆ ನಡುರಾತ್ರಿ ಏಳುವುದಿಲ್ಲ. ಆಸಿಲೋಸ್ಕೋಪಿನ ಪ್ರೋಬ್‌ ಮುಟ್ಟಿಸಿದೊಡನೆ ಓಡತೊಡಗುವ ಅಥವಾ ಮುಟ್ಟಿಸಿದೊಡನೆ ನಿಲ್ಲುವ ಬೋರ್ಡು ಅಂಚಿನಲ್ಲಿ ಬದುಕುತ್ತಿದೆಯೆಂದೇ ತಿಳಿಯಬೇಕು, ಏಕೆಂದರೆ ಸಾಮಾನ್ಯ ಪ್ರೋಬೇ 10ರಿಂದ 15 ಪಿಕೋಫ್ಯಾರಡ್‌ ಸೇರಿಸುತ್ತದೆ. ಆವೃತ್ತಿಯನ್ನು ಅಳೆಯಬೇಕಿದ್ದರೆ ಪ್ರೋಗ್ರಾಮಿನಿಂದ ಬೇರೊಂದು ಕಾಲಿಗೆ ಗಡಿಯಾರದ ಮಿಡಿತವನ್ನು ಹೊರಡಿಸಿ ಅಲ್ಲಿ ಅಳೆಯುವುದು ಸರಿಯಾದ ಕ್ರಮ.

ಸಮಯದ ಚಿಪ್ಪುಗಳಲ್ಲಿ ಇದರ ತದ್ವಿರುದ್ಧವಾದ ತಪ್ಪೂ ಉಂಟು. ಪ್ರಚಲಿತವಾದ ಡಿಎಸ್‌1307 ಚಿಪ್ಪಿಗೆ 12.5 ಪಿಕೋಫ್ಯಾರಡ್‌ನ ಹರಳು ಬೇಕು. ಅದರ ಕೆಪಾಸಿಟರುಗಳು ಚಿಪ್ಪಿನೊಳಗೇ ಇವೆ. ಹೊರಗಿನಿಂದ ಮತ್ತೆರಡು ಕೆಪಾಸಿಟರ್‌ ಹಾಕಿದರೆ ಗಡಿಯಾರ ನಿಧಾನವಾಗುತ್ತದೆ, ಕೆಲವೊಮ್ಮೆ ಆರಂಭವೇ ಆಗುವುದಿಲ್ಲ. ಅಡಿಕೆ ಡ್ರಯರಿನ ಪೆಟ್ಟಿಗೆಯಂಥ ಬಿಸಿ ಜಾಗದಲ್ಲಿ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ. 32,768ರ ಹರಳು 25 ಡಿಗ್ರಿಯಲ್ಲಿ ಸರಿಯಾಗಿದ್ದು, ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವೇ ಆಗುತ್ತದೆ. ಪೆಟ್ಟಿಗೆಯೊಳಗೆ ಸದಾ 60 ಡಿಗ್ರಿ ಇದ್ದರೆ ದಿನಕ್ಕೆ ಮೂರೂವರೆ ಸೆಕೆಂಡು ಹಿಂದೆ ಬೀಳುತ್ತದೆ. ಇದು ಹರಳಿನ ದೋಷವಲ್ಲ, ಸ್ವಭಾವ. ತಾಳದಿದ್ದರೆ ಹರಳು ಹಾಗೂ ಉಷ್ಣತೆಯ ತಿದ್ದುಪಡಿ ಎರಡನ್ನೂ ಒಳಗೊಂಡ ಡಿಎಸ್‌3231ರಂಥ ಚಿಪ್ಪನ್ನು ಬಳಸಬೇಕು. ಬೆಲೆ ಹೆಚ್ಚು, ರಗಳೆ ಕಡಿಮೆ.

ಎಷ್ಟು ಬಲವಾಗಿ ತಳ್ಳಬೇಕು

ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ತೀರ ಮೆಲ್ಲಗೆ ತಳ್ಳಿದರೆ ಉಯ್ಯಾಲೆ ಆಡುವುದಿಲ್ಲ. ವಿಪರೀತ ತಳ್ಳಿದರೆ ಮಗು ಬೀಳುತ್ತದೆ. ಹರಳಿನ ಸ್ಥಿತಿಯೂ ಅಷ್ಟೆ. ಪ್ರತಿ ಹರಳಿಗೂ ತಡೆದುಕೊಳ್ಳಬಲ್ಲ ಗರಿಷ್ಠ ಶಕ್ತಿಯ ಮಿತಿಯುಂಟು. ಎಚ್‌ಸಿ–49 ಎಂಬ ಲೋಹದ ಡಬ್ಬಿಗಳಿಗೆ ಅದು ಸಾಮಾನ್ಯವಾಗಿ 500ರಿಂದ 1000 ಮೈಕ್ರೋವ್ಯಾಟ್‌. ಬೋರ್ಡಿನ ಮೇಲ್ಮೈಗೆ ಅಂಟಿಸುವ ಚಪ್ಪಟೆ ಹರಳುಗಳಿಗೆ 100 ಮೈಕ್ರೋವ್ಯಾಟ್‌ ಅಥವಾ ಅದರ ಆಸುಪಾಸು. ಗಡಿಯಾರದ ಹರಳಿಗಾದರೋ ಕೇವಲ 1 ಮೈಕ್ರೋವ್ಯಾಟ್‌. ಮಿತಿ ಮೀರಿದರೆ ಹರಳು ಬಿಸಿಯಾಗಿ ಆವೃತ್ತಿ ಸರಿಯುತ್ತದೆ, ಬೇಗ ಮುಪ್ಪಾಗುತ್ತದೆ, ಗಡಿಯಾರದ ಹರಳಿನ ಎಳೆಯಂಥ ಕವಲುಗಳು ಬಿರುಕು ಬಿಡುವುದೂ ಉಂಟು.

ಶಕ್ತಿಯನ್ನು ಅಂದಾಜಿಸುವುದು ಕಷ್ಟವಲ್ಲ. ಹರಳಿನಲ್ಲಿ ಹರಿಯುವ ವಿದ್ಯುತ್ಪ್ರವಾಹದ ವರ್ಗವನ್ನು ಅದರ ಸರಣಿ ರೋಧದಿಂದ ಗುಣಿಸಬೇಕು. ಈ ರೋಧವನ್ನು ಕ್ಯಾಟಲಾಗ್‌ಗಳಲ್ಲಿ ಇಎಸ್‌ಆರ್‌ ಎಂದು ಕೊಟ್ಟಿರುತ್ತಾರೆ. 8 ಮೆಗಾಹರ್ಟ್ಸ್‌ನ, 60 ಓಮ್‌ ರೋಧದ ಹರಳೊಂದನ್ನು ತೆಗೆದುಕೊಳ್ಳೋಣ. ಕಡಿಮೆ ಕೆಪಾಸಿಟೆನ್ಸಿನ ಪ್ರೋಬಿನಿಂದ ಚಿಪ್ಪಿನ ಇನ್‌ಪುಟ್‌ ಕಾಲಿನಲ್ಲಿ ಅಳೆದಾಗ ಅಲೆಯ ತುದಿಯಿಂದ ತುದಿಗೆ 3.3 ವೋಲ್ಟ್‌ ಕಂಡಿತೆನ್ನೋಣ. ಅಂದರೆ ಪರಿಣಾಮಕಾರಿ ಬೆಲೆ ಸುಮಾರು 1.17 ವೋಲ್ಟ್‌. ಆ ಕಾಲಿನ ಒಟ್ಟು ಕೆಪಾಸಿಟೆನ್ಸ್‌ 30 ಪಿಕೋಫ್ಯಾರಡ್‌ ಆಗಿದ್ದರೆ ಪ್ರವಾಹ 1.76 ಮಿಲಿಆಂಪಿಯರ್‌, ಶಕ್ತಿ ಸುಮಾರು 186 ಮೈಕ್ರೋವ್ಯಾಟ್‌. ಹಳೆಯ ದೊಡ್ಡ ಡಬ್ಬಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಬೋರ್ಡನ್ನು ಚಿಕ್ಕದು ಮಾಡಲೆಂದು ಅದೇ ಮಂಡಲಕ್ಕೆ ಚಪ್ಪಟೆ ಹರಳನ್ನು ತಂದು ಕೂರಿಸಿದವನು ಅದರ ಮಿತಿಯನ್ನು ಸುಮಾರು ಎರಡು ಪಟ್ಟು ದಾಟಿದಂತಾಯಿತು. ಬೋರ್ಡು ಮೊದಲ ದಿನ ದೂರು ಹೇಳುವುದಿಲ್ಲ.

ಇದಕ್ಕೆ ಪರಿಹಾರ, ಚಿಪ್ಪಿನ ಔಟ್‌ಪುಟ್‌ ಕಾಲಿಗೂ ಹರಳಿಗೂ ನಡುವೆ ಒಂದು ರೆಸಿಸ್ಟರ್‌. ಆ ಬದಿಯ ಕೆಪಾಸಿಟರ್‌ 27 ಪಿಕೋಫ್ಯಾರಡ್‌ ಆಗಿದ್ದರೆ 8 ಮೆಗಾಹರ್ಟ್ಸ್‌ನಲ್ಲಿ 680 ಓಮ್‌ನಿಂದ ಆರಂಭಿಸಿ ನೋಡಬಹುದು. ಗಡಿಯಾರದ ಹರಳಿಗೆ ಇಂಥ ರೆಸಿಸ್ಟರ್‌ ಬೇಕಾದರೆ ಅದು ಲಕ್ಷಗಟ್ಟಲೆ ಓಮ್‌ಗಳಲ್ಲಿರುತ್ತದೆ. ಎವಿಆರ್‌ ಕುಟುಂಬದ ಚಿಪ್ಪುಗಳಲ್ಲಿ ತಳ್ಳುವ ಬಲವನ್ನು ಫ್ಯೂಸ್‌ ಬಿಟ್‌ಗಳಿಂದಲೇ ಆಯ್ದುಕೊಳ್ಳುವ ಏರ್ಪಾಡು ಇದೆ. ಆದರೆ ಎಟಿಮೆಗಾ328ಪಿಯಲ್ಲಿದ್ದ ಪೂರ್ಣ ಬಲದ ಆಯ್ಕೆ, ಬಳಿಕ ಬಂದ 328ಪಿಬಿಯಲ್ಲಿ ಇಲ್ಲ. ಹೆಸರಿನಲ್ಲಿ ಒಂದಕ್ಷರ ಹೆಚ್ಚಾದ ಚಿಪ್ಪು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನು ಹರಳಿನ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ.

ಹೆಚ್ಚು ತಳ್ಳುವುದನ್ನು ತಡೆಯಹೋಗಿ ಏಳಲಾರದಂತೆ ಮಾಡಿದರೂ ನಷ್ಟವೇ. ಆದಕಾರಣ ಕೊನೆಗೆ ಏಳುವ ಪರೀಕ್ಷೆಯನ್ನು ಮಾಡಲೇಬೇಕು. ಹರಳಿನ ಒಂದು ಕಾಲಿಗೆ ಸರಣಿಯಲ್ಲಿ ಸಣ್ಣ ರೆಸಿಸ್ಟರ್‌ ಹಾಕಿ, ವಿದ್ಯುತ್‌ ತೆಗೆದು ಕೊಟ್ಟು ನೋಡಬೇಕು. ಎದ್ದರೆ ಬೆಲೆಯನ್ನು ಹೆಚ್ಚಿಸುತ್ತ ಹೋಗಬೇಕು. ಏಳುವ ಕೊನೆಯ ಬೆಲೆಯೂ ಹರಳಿನ ಸ್ವಂತ ರೋಧವೂ ಸೇರಿ, ಕ್ಯಾಟಲಾಗಿನಲ್ಲಿ ಹೇಳಿದ ಗರಿಷ್ಠ ರೋಧದ ಐದು ಪಟ್ಟಾದರೂ ಇರಬೇಕು. 60 ಓಮ್‌ನ ಹರಳಿಗೆ ಒಟ್ಟು 300 ಓಮ್‌. ಈ ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಕೆಲವು ರೆಸಿಸ್ಟರ್‌, ಬೆಸುಗೆಯ ಕಡ್ಡಿ ಮತ್ತು ಅರ್ಧ ದಿನದ ತಾಳ್ಮೆ ಸಾಕು. ಪೂರೈಕೆಯ ಕನಿಷ್ಠ ವೋಲ್ಟೇಜಿನಲ್ಲಿಯೂ, ಬೋರ್ಡನ್ನು ಫ್ರಿಜ್ಜಿನಲ್ಲಿಟ್ಟು ತೆಗೆದ ಕೂಡಲೇ ನೀರು ಪಸೆಯುತ್ತಿರುವಾಗಲೂ ಮಾಡಿದರೆ ಮಳೆಗಾಲದ ಒಂದು ಮಾದರಿ ಕಂಡಂತಾಗುತ್ತದೆ. ಐವತ್ತರ ತಂಡದಲ್ಲಿ ಮೂರೋ ನಾಲ್ಕೋ ಬೋರ್ಡುಗಳನ್ನು ಹೀಗೆ ಕಾಡಿ ನೋಡುವುದು, ಮಳೆಯಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಬದಲಿಸಿಕೊಡುವುದಕ್ಕಿಂತ ಅಗ್ಗ.

ಮಳೆ ಮತ್ತು ಘಟ್ಟ

ಗಡಿಯಾರದ ಹರಳಿನ ಮಂಡಲದಲ್ಲಿ ಹರಿಯುವ ಪ್ರವಾಹ ಅತ್ಯಲ್ಪ. ಬೆಸುಗೆಯ ಫ್ಲಕ್ಸ್‌ ಉಳಿದಿದ್ದು, ಅದರ ಮೇಲೆ ತೇವ ಕೂತರೆ ಆ ಪ್ರವಾಹ ಹರಳನ್ನು ಬಿಟ್ಟು ಬೋರ್ಡಿನ ಮೇಲೆಯೇ ಸೋರಿಹೋಗುತ್ತದೆ. ಮಲೆನಾಡಿನ ಆಷಾಢ–ಶ್ರಾವಣಗಳಲ್ಲಿ ಗಡಿಯಾರ ನಿಂತು, ದೀಪಾವಳಿಯ ಹೊತ್ತಿಗೆ ತಾನಾಗಿ ಓಡತೊಡಗುವ ಟೈಮರಿನ ಗುಟ್ಟು ಅನೇಕ ವೇಳೆ ಇಷ್ಟೆ. ಹರಳಿನ ಸುತ್ತಲಿನ ಜಾಗವನ್ನು ಐಸೊಪ್ರೊಪೈಲ್‌ ಆಲ್ಕೊಹಾಲಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ರಕ್ಷಕ ವಾರ್ನಿಶ್‌ ಹಚ್ಚಬೇಕು. ತೊಳೆಯದೆ ಹಚ್ಚಿದ ವಾರ್ನಿಶ್‌ ತೇವವನ್ನು ಒಳಗೇ ಕೂಡಿಹಾಕುತ್ತದೆ. ತೊಳೆಯಲು ಅಲ್ಟ್ರಾಸೋನಿಕ್‌ ತೊಟ್ಟಿಯನ್ನು ಬಳಸುವವರು ಎಚ್ಚರವಹಿಸಬೇಕು. ಅದರ ಕಂಪನವು ಗಡಿಯಾರದ ಹರಳಿನ ಮಿಡಿತಕ್ಕೆ ಸಮೀಪವಿದ್ದು ಹರಳನ್ನೇ ಮುರಿಯಬಲ್ಲದು. ತಾಮ್ರದ ಗೆರೆಗಳು ಗಿಡ್ಡವಾಗಿರಬೇಕು, ರಿಲೇ ಹಾಗೂ ಮೋಟಾರಿನ ತಂತಿಗಳು ಅದರ ಹತ್ತಿರ ಸುಳಿಯಬಾರದು.

ಹರಳು ಕಲ್ಲೇ ಆದರೂ ಅದರ ಬಿಲ್ಲೆ ತೀರ ತೆಳು. ಮೇಜಿನಿಂದ ಗಟ್ಟಿ ನೆಲಕ್ಕೆ ಬಿದ್ದ ಹರಳನ್ನು ಎತ್ತಿ ಮತ್ತೆ ಡಬ್ಬಿಗೆ ಹಾಕಬಾರದು. ಕಾಲುಗಳನ್ನು ಬುಡಕ್ಕೇ ಬಗ್ಗಿಸಿದರೆ ಗಾಜಿನ ಮುದ್ರೆ ಸೀಳಿ ತೇವ ಒಳನುಗ್ಗುತ್ತದೆ. ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು ಹೋಗುವ ಪಾರ್ಸೆಲ್ಲಿನಲ್ಲಿ ಎತ್ತರದ ಡಬ್ಬಿಯ ಹರಳು ತನ್ನ ಎರಡು ಕಾಲುಗಳ ಮೇಲೆ ನಡುಗುತ್ತ ಸಾಗುತ್ತದೆ; ಒಂದು ಹನಿ ಸಿಲಿಕೋನ್‌ ಅಂಟಿನಿಂದ ಅದನ್ನು ಬೋರ್ಡಿಗೆ ಆತುಕೊಳ್ಳುವಂತೆ ಮಾಡಬಹುದು.

ಹರಳು ನಿಂತುಹೋದರೆ

ಇಷ್ಟೆಲ್ಲ ಮಾಡಿಯೂ ಹರಳು ಒಂದು ದಿನ ನಿಲ್ಲಬಹುದು. ಆಗ ಯಂತ್ರ ಏನು ಮಾಡುತ್ತದೆ ಎಂಬುದೇ ಸುರಕ್ಷತೆಯ ಪ್ರಶ್ನೆ. ಪಂಪು ಓಡುತ್ತಿರುವಾಗ ಮಿಡಿತ ನಿಂತರೆ ರಿಲೇ ಹಾಗೆಯೇ ಹಿಡಿದುಕೊಂಡಿರುತ್ತದೆ. ಬಾವಿ ಬರಿದಾದರೂ ಮೋಟಾರು ನಿಲ್ಲುವುದಿಲ್ಲ. ಡ್ರಯರಿನ ಹೀಟರ್‌ ಆಗಿದ್ದರೆ ಪರಿಣಾಮವನ್ನು ಊಹಿಸಬಹುದು. ಇದಕ್ಕಾಗಿಯೇ ಚಿಪ್ಪುಗಳಲ್ಲಿ ವಾಚ್‌ಡಾಗ್‌ ಎಂಬ ಕಾವಲುಗಾರನಿದ್ದಾನೆ. ಆದರೆ ಎಟಿ89ಎಸ್‌52ರಂಥ ಹಳೆಯ ಚಿಪ್ಪಿನ ವಾಚ್‌ಡಾಗ್‌ ಅದೇ ಕ್ರಿಸ್ಟಲ್ಲಿನ ಮಿಡಿತವನ್ನು ಎಣಿಸುತ್ತದೆ. ಹರಳು ನಿಂತರೆ ಕಾವಲುಗಾರನೂ ಮಲಗುತ್ತಾನೆ! ಎವಿಆರ್‌ ಚಿಪ್ಪುಗಳಲ್ಲಿ ವಾಚ್‌ಡಾಗಿಗೆ ಪ್ರತ್ಯೇಕ ಆಂದೋಲಕವಿದೆ. ಅನೇಕ ಪಿಕ್‌ ಮತ್ತು ಎಸ್‌ಟಿಎಂ32 ಚಿಪ್ಪುಗಳು ಹರಳು ನಿಂತುದನ್ನು ಗುರುತಿಸಿ ಒಳಗಿನ ಆಂದೋಲಕಕ್ಕೆ ಹೊರಳುತ್ತವೆ. ಆ ಸೌಲಭ್ಯವನ್ನು ಪ್ರೋಗ್ರಾಮಿನಲ್ಲಿ ಎಚ್ಚರಿಸಿಡಬೇಕಷ್ಟೆ. ತಯಾರಾದ ಪೆಟ್ಟಿಗೆಯಲ್ಲಿ ಪಂಪಿನ ರಿಲೇ ಹಿಡಿದಿರುವಾಗ ಹರಳಿನ ಎರಡು ಕಾಲುಗಳನ್ನು ಚಿಮಟದಿಂದ ಕೂಡಿಸಿ ಮಿಡಿತ ನಿಲ್ಲಿಸಿದರೆ ರಿಲೇ ಬಿಡುತ್ತದೆಯೇ ಎಂದು ನೋಡುವುದು ನಿಮಿಷದ ಕೆಲಸ. ಮುಖ್ಯ ವಿದ್ಯುತ್ತಿನಿಂದ ಪ್ರತ್ಯೇಕಿಸಿದ ಕಡಿಮೆ ವೋಲ್ಟೇಜಿನ ಪೂರೈಕೆಯಲ್ಲಿ ಮಾತ್ರ ಇದನ್ನು ಮಾಡಬೇಕು.

ಸೌರ ಬೇಲಿಯಲ್ಲಿ ವಿಷಯ ಇನ್ನೂ ಗಂಭೀರ. ಬೇಲಿಯ ಯಂತ್ರಗಳಿಗೆ ಅನ್ವಯಿಸುವ ಅಂತಾರಾಷ್ಟ್ರೀಯ ಮಾನಕವು ಎರಡು ಹೊಡೆತಗಳ ನಡುವೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರ ಇರಕೂಡದೆನ್ನುತ್ತದೆ. ತಂತಿ ಹಿಡಿದ ಮನುಷ್ಯನೋ ದನವೋ ಕೈಬಿಟ್ಟು ಸರಿಯಲು ಸಿಗುವ ಸಮಯ ಅದು. ದುರಸ್ತಿಗೆ ಬಂದ ಅಂಥ ಯಂತ್ರಕ್ಕೆ 4 ಮೆಗಾಹರ್ಟ್ಸ್‌ನ ಬದಲು ಕೈಗೆ ಸಿಕ್ಕ 8 ಮೆಗಾಹರ್ಟ್ಸ್‌ ಹರಳನ್ನು ಹಾಕಿದರೆ ಸೆಕೆಂಡಿಗೆ ಎರಡು ಹೊಡೆತ ಬೀಳುತ್ತವೆ, ಬೇಲಿ ಚುರುಕಾಯಿತೆಂದು ಗ್ರಾಹಕ ಸಂತೋಷಪಡುತ್ತಾನೆ. ದುರಸ್ತಿಗಾರರು ಹರಳನ್ನು ಬದಲಿಸುವಾಗ ಮೂಲದ ಅಂಕಿಯನ್ನೇ ಹಾಕಬೇಕು. ಅಂಕಿ ಅಳಿಸಿಹೋಗಿದ್ದರೆ ಊಹಿಸಬಾರದು. ತಕ್ಕಡಿಗಳ ಮಾತು ಬೇರೆ: 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಪರವಾನಗಿ ಇಲ್ಲದವರು ಅವುಗಳನ್ನು ದುರಸ್ತಿ ಮಾಡುವಂತೆಯೇ ಇಲ್ಲ.

ಖರೀದಿ ಮತ್ತು ದಾಸ್ತಾನು

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದಾಗಲಿ ಹುಬ್ಬಳ್ಳಿಯಿಂದಾಗಲಿ ತರಿಸುವವರು ಆರ್ಡರಿನಲ್ಲಿ ಆವೃತ್ತಿಯ ಜೊತೆಗೆ ಮೂಲ ಆವೃತ್ತಿಯ ಹರಳು ಎಂಬುದನ್ನು, ಲೋಡ್‌ ಕೆಪಾಸಿಟೆನ್ಸ್‌, 25 ಡಿಗ್ರಿಯ ನಿಖರತೆ ಮತ್ತು ಉಷ್ಣತೆಯ ವ್ಯಾಪ್ತಿಯಲ್ಲಿನ ಬದಲಾವಣೆ, ಗರಿಷ್ಠ ಇಎಸ್‌ಆರ್‌, ಗರಿಷ್ಠ ಶಕ್ತಿ ಇವನ್ನು ಬರೆದು, ತಯಾರಕರ ಪೂರ್ಣ ಪಾರ್ಟ್‌ ನಂಬರನ್ನೂ ಕೊಡಬೇಕು. ಬೋರ್ಡಿನ ನಕ್ಷೆ ಮಾಡಿಕೊಡುವವರಿಂದಲೂ ಇದೇ ವಿವರಗಳನ್ನು ಲಿಖಿತವಾಗಿ ಪಡೆಯುವುದು ಕ್ಷೇಮ. ವ್ಯಾಪಾರಿಗಳು ಒಂದೇ ಆವೃತ್ತಿಯ ಬೇರೆ ಬೇರೆ ಸರಕನ್ನು ಒಂದೇ ಡಬ್ಬಿಗೆ ಸುರಿಯದೆ, ಬಂದ ಚೀಲದಲ್ಲಿಯೇ ಇಟ್ಟು ಮಾರಬೇಕು. ಹರಳಿನ ಮೈಮೇಲೆ ಆವೃತ್ತಿ ಮುದ್ರಿತವಾಗಿರುತ್ತದೆ. ಲೋಡ್‌ ಕೆಪಾಸಿಟೆನ್ಸ್‌ ಸಾಮಾನ್ಯವಾಗಿ ಇರುವುದಿಲ್ಲ, ಆ ಚೀಲದ ಚೀಟಿಯಲ್ಲಿ ಮಾತ್ರ ಇರುತ್ತದೆ.